ಕಾಲ್ಚೆಂಡಿನ ಮೈದಾನವೂ ನಮ್ಮ ನಡತೆಯೂ

(ಜಿಲ್ಲಾ ಲೀಗ್ ಪಂದ್ಯಗಳು ಆರಂಭವಾಗುವ ಮುನ್ನ ನಮ್ಮ ಊರಿನಲ್ಲಿ ಸೇರಿದ್ದ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬರುವ ದಾರಿಯಲ್ಲಿ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: “ಏನಪ್ಪಾ ಮೇಷ್ಟ್ರೇ, ಬೆಲೆ ಏರಿಕೆಯ ಮೇಲೆ, ಬಗರ್‌ಹುಕುಂ ಜಮೀನಿನ ಮೇಲೆ ಭಾಷಣ ಮಾಡುವ ನೀನು ಇವತ್ತು ಚೆಂಡಾಟದ ಮೇಲೆ ಮಾಡುತ್ತೀಯಂತೆ! ಕೆಲಸ ಕಡಿಮೆಯಾಯಿತೋ?” ಅವರ ಪ್ರಶ್ನೆ ಸರಿಯಾದದ್ದೇ. ಆದುದರಿಂದ ಮೊದಲು ಅದಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ನಾವು ಕರಪತ್ರ ಹಂಚಿ, ಮೈಕು ಕಟ್ಟಿ, ಮನೆಮನೆಗೆ ತಿರುಗಿ ಕರೆದರೂ ಸಭೆಗೆ ಇನ್ನೂರು ಜನ ಸೇರುವುದು ಕಷ್ಟ. ಆದರೆ ನಮ್ಮ ಊರಿನ ತಂಡ ಆಡುವ ಭಾನುವಾರ ಸಂಜೆ ಯಾರೂ ಕರೆಯದೆಯೇ ಎರಡು ಸಾವಿರ ಜನ ಮೈದಾನದ ಸುತ್ತ ನೆರೆಯುತ್ತಾರೆ. ಹಮಾಲಿ, ಆಟೋ ಚಾಲಕ, ಬೀಡಿ ಕಟ್ಟುವವರ ಮಗ, ಕಾಲೇಜು ಹುಡುಗ, ಅಂಗಡಿಯ ಗುಮಾಸ್ತ, ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಜಾತಿ ಕೇಳದೆ ಜನ ಒಟ್ಟಿಗೆ ನಿಲ್ಲುವ ಜಾಗ ನಮ್ಮ ಊರಿನಲ್ಲಿ ಎಷ್ಟಿವೆ? ಅಂಥ ಒಂದು ಜಾಗ ಕೆಡುತ್ತಿದ್ದರೆ ಅದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗದು. ಇದೇ ನನ್ನ ಉತ್ತರ.

ಹೋದ ವರ್ಷದ ಕೊನೆಯ ಪಂದ್ಯದ ದಿನ ಏನಾಯಿತೆಂಬುದು ನಿಮಗೆಲ್ಲ ಗೊತ್ತು. ಪಕ್ಕದ ಜಿಲ್ಲೆಯ ತಂಡ ಬಂದಿತ್ತು. ಆಟ ಮುಗಿಯಲು ಐದು ನಿಮಿಷವಿದ್ದಾಗ ನಾವು ಒಂದು ಗೋಲು ಹಿಂದಿದ್ದೆವು. ನಮ್ಮ ಹುಡುಗ ಚೆಂಡನ್ನು ಬಲೆಗೆ ಹಾಕಿದ. ಇಡೀ ದಿಬ್ಬ ಎದ್ದು ಕುಣಿಯಿತು. ಅಷ್ಟರಲ್ಲಿ ನಮ್ಮ ಕಡೆಯ ಗೆರೆಯ ಮೇಲಿದ್ದ ಲೈನ್ಸ್‌ಮನ್ ಬಾವುಟ ಎತ್ತಿದ. ಆಫ್‌ಸೈಡ್ ಎಂದು ರೆಫರಿ ಸೀಟಿ ಊದಿದರು, ಗೋಲು ರದ್ದಾಯಿತು. ಆಮೇಲೆ ಮೊದಲು ಬೈಗಳು, ನಂತರ ಬಾಟಲಿ, ನಂತರ ಕಲ್ಲು. ಒಂದು ಕಲ್ಲು ಆ ಲೈನ್ಸ್‌ಮನ್ನನ ಹುಬ್ಬಿನ ಮೇಲೆ ಬಿತ್ತು. ಅವನ ಬಿಳಿ ಕಾಲರು ಕೆಂಪಾದುದನ್ನು ಕಂಡ ಮೇಲೂ ಬೈಗಳು ನಿಲ್ಲಲಿಲ್ಲ. ಹೊರ ಊರಿನ ತಂಡದವರು ಬಟ್ಟೆ ಬದಲಿಸಲೂ ಸಮಯವಿಲ್ಲದೆ ಬಸ್ಸು ಹತ್ತಿದರು. ಬಸ್ಸಿನ ಎರಡು ಗಾಜು ಹೋದವು.

ಇದನ್ನು ನಾನು ಹೇಳುವಾಗ “ಯಾರೋ ಪುಂಡರು ಮಾಡಿದರು” ಎಂದು ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಕಲ್ಲು ಎಸೆದವನು ನಾನಲ್ಲ, ನಿಜ. ಆದರೆ ಬಾವುಟ ಎತ್ತಿದ ಕ್ಷಣ “ಕಳ್ಳ! ದುಡ್ಡು ತಿಂದ ಕಳ್ಳ!” ಎಂದು ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ನಾನು ಎಂಟು ವರ್ಷ ಮೇಷ್ಟ್ರಾಗಿದ್ದವನು. ಮೆಟ್ರಿಕ್ಕಿಗಿಂತ ಹೆಚ್ಚು ಓದಿಲ್ಲವಾದರೂ ಮಕ್ಕಳಿಗೆ ಸುಳ್ಳು ಹೇಳಬಾರದು, ಸುಮ್ಮನೆ ಒಬ್ಬರ ಮೇಲೆ ಅಪವಾದ ಹೊರಿಸಬಾರದು ಎಂದು ಪಾಠ ಹೇಳಿದವನು. ಆ ದಿನ ನನ್ನ ಪಾಠ ನನಗೇ ನೆನಪಾಗಲಿಲ್ಲ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಹಾಕಿದ್ದರು. ಹತ್ತೊಂಬತ್ತು ವರ್ಷದ ಹುಡುಗ. ಬಳಿ ಕುಳಿತಿದ್ದ ತಂದೆ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಮುಖದ ಪಟ್ಟಿಯ ನಡುವೆ ಹುಡುಗನ ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆರನೆಯ ತರಗತಿಯಲ್ಲಿ ಅವನು ನನ್ನ ಮುಂದೆಯೇ ಕುಳಿತು ಲೆಕ್ಕ ಕಲಿತವನು. ರೆಫರಿ ತರಬೇತಿಗೆ ಸೇರಿ ಅದು ಅವನ ಎರಡನೆಯ ದೊಡ್ಡ ಪಂದ್ಯ. ನಾನು ಏನೋ ಸಮಾಧಾನ ಹೇಳಹೋದೆ. ಅವನು ಕೋಪದಿಂದ ಅಲ್ಲ, ತುಂಬ ಮೆಲ್ಲಗೆ ಹೇಳಿದ: “ಸಾರ್, ನಿಮ್ಮ ದನಿ ನನಗೆ ಕೇಳಿಸಿತು. ತಿರುಗಿ ನೋಡಲಿಲ್ಲ ಅಷ್ಟೆ.”

ಮಿತ್ರರೇ, ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಇಂದೂ ಇಲ್ಲ. ಅವನಿಗೆ ಕೊಡಲಾರದ ಉತ್ತರವನ್ನು ನಿಮ್ಮ ಮುಂದೆ ಹುಡುಕಲು ಬಂದಿದ್ದೇನೆ.

ಅವನ ತೀರ್ಪು ಸರಿಯಾಗಿತ್ತೇ? ಸರಿಯಾಗಿತ್ತು. ನಮ್ಮವರೇ ಒಬ್ಬರು ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ನಾನು ಹತ್ತು ಸಲ ನೋಡಿದ್ದೇನೆ. ನಮ್ಮಲ್ಲಿ ಬಹಳ ಮಂದಿ ಮಾಡುವ ತಪ್ಪೇನೆಂದರೆ, ಚೆಂಡು ಕಾಲಿಗೆ ಸಿಕ್ಕಾಗ ಆಟಗಾರ ಎಲ್ಲಿದ್ದ ಎಂದು ನೋಡುತ್ತೇವೆ. ನಿಯಮ ಹಾಗಿಲ್ಲ. ಜೊತೆಗಾರ ಚೆಂಡನ್ನು ಒದ್ದ ಕ್ಷಣದಲ್ಲಿ ಇವನು ಎಲ್ಲಿದ್ದ ಎಂಬುದೇ ಮುಖ್ಯ. ಆ ಕ್ಷಣದಲ್ಲಿ ಇವನು ಎದುರಾಳಿಯ ಅರ್ಧ ಮೈದಾನದಲ್ಲಿದ್ದು, ಚೆಂಡಿಗಿಂತಲೂ ಮುಂದೆ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇದ್ದರೆ ಅದು ಆಫ್‌ಸೈಡಿನ ಜಾಗ. ಅವನಿಗೆ ಸಮಸಮನಾಗಿದ್ದರೆ ತಪ್ಪಿಲ್ಲ. ಹಿಂದೆ ಸಮನಾಗಿದ್ದರೂ ತಪ್ಪೆನ್ನುತ್ತಿದ್ದರು, 1990ರಲ್ಲಿ ಆ ನಿಯಮ ಬದಲಾಯಿತು. ನಮ್ಮ ಹುಡುಗ ಆ ಕ್ಷಣದಲ್ಲಿ ಅರ್ಧ ಹೆಜ್ಜೆ ಮುಂದಿದ್ದ. ಅದನ್ನು ಕಾಣಬೇಕಾದರೆ ಗೆರೆಯ ನೇರಕ್ಕೇ ನಿಂತಿರಬೇಕು. ನಾವು ಓರೆಯಾಗಿ ದಿಬ್ಬದ ಮೇಲೆ ನಿಂತಿದ್ದೆವು. ಅವನು ನೇರಕ್ಕೆ ನಿಂತಿದ್ದ. ಎರಡು ಸಾವಿರ ಜನ ಒಂದು ಕಡೆ ಇರುವಾಗ, ಕಂಡದ್ದನ್ನು ಕಂಡಂತೆ ಹೇಳಲು ಕೈಯೆತ್ತಿದ ಹುಡುಗ ಅವನೊಬ್ಬನೇ. ಇಂಥ ಮನುಷ್ಯರು ಬೇಕೆಂದು ನಾವು ಪ್ರತಿ ಸಭೆಯಲ್ಲಿ ಹೇಳುತ್ತೇವೆ. ಸಿಕ್ಕಾಗ ಕಲ್ಲು ಹೊಡೆದೆವು.

ಒಂದು ವೇಳೆ ಅವನ ತೀರ್ಪು ತಪ್ಪಾಗಿದ್ದರೆ? ಆಗಲೂ ಕಲ್ಲಿಗೆ ಹಕ್ಕಿರಲಿಲ್ಲ. ಆಟಗಾರ ಖಾಲಿ ಬಲೆಯ ಮುಂದೆ ಚೆಂಡನ್ನು ಆಕಾಶಕ್ಕೆ ಒದೆಯುತ್ತಾನೆ, ಗೋಲ್‌ಕೀಪರನ ಕೈಯಿಂದ ಚೆಂಡು ಜಾರುತ್ತದೆ. ಅವರು ಮನುಷ್ಯರೆಂದು ಕ್ಷಮಿಸುತ್ತೇವೆ. ರೆಫರಿ ಮಾತ್ರ ದೇವರಾಗಿರಬೇಕೇ? ತೊಂಬತ್ತು ನಿಮಿಷ ನಮ್ಮವರು ಸರಿಯಾಗಿ ಆಡದೆ, ಕೊನೆಯ ಐದು ನಿಮಿಷದಲ್ಲಿ ಸೋಲಿನ ಹೊರೆಯನ್ನೆಲ್ಲ ಬಾವುಟ ಹಿಡಿದವನ ತಲೆಯ ಮೇಲೆ ಹೊರಿಸುವುದು, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆಯೇ ಸರಿ.

ಇನ್ನು ಬೈಗಳ ವಿಚಾರ. “ಆಟದ ಮೈದಾನದಲ್ಲಿ ನಾಲ್ಕು ಮಾತು ಬರುತ್ತದೆ, ಅದನ್ನೇನು ದೊಡ್ಡದು ಮಾಡುವುದು” ಎನ್ನುವವರಿದ್ದಾರೆ. ಆ ನಾಲ್ಕು ಮಾತು ಯಾವುವು ಎಂದು ಕಿವಿಗೊಟ್ಟು ಕೇಳಿದ್ದೀರಾ? ಒಂದು ಬೈಗಳು ತಾಯಿಯನ್ನು ಹಿಡಿಯುತ್ತದೆ, ಇನ್ನೊಂದು ಅಕ್ಕತಂಗಿಯರನ್ನು ಹಿಡಿಯುತ್ತದೆ, ಮೂರನೆಯದು ಜಾತಿಯನ್ನು, ನಾಲ್ಕನೆಯದು ಮೈಬಣ್ಣವನ್ನು. ಆಟಗಾರನ ಆಟವನ್ನು ಹಿಡಿಯುವ ಬೈಗಳು ಒಂದೂ ಇಲ್ಲ! ಮೂರು ವರ್ಷದ ಹಿಂದೆ ದಿಬ್ಬದ ಈ ಬದಿಗೆ ಹೆಣ್ಣುಮಕ್ಕಳು ಬಂದು ಕೂರುತ್ತಿದ್ದರು. ನಮ್ಮ ಬಾಲಕಿಯರ ಶಾಲೆಯ ತಂಡದ ಹುಡುಗಿಯರು ಸಮವಸ್ತ್ರದಲ್ಲೇ ಬರುತ್ತಿದ್ದರು. ಈಗ ಒಬ್ಬರೂ ಬರುವುದಿಲ್ಲ. ಯಾರೂ ಅವರನ್ನು ಬರಬೇಡಿ ಎಂದು ಹೇಳಲಿಲ್ಲ. ನಮ್ಮ ಬಾಯಿಯೇ ಹೇಳಿತು.

ಮಣಿಪುರದಿಂದ, ಮಿಜೋರಾಂನಿಂದ ಬಂದು ಆಡುವ ಹುಡುಗರ ಕಣ್ಣು ಮೂಗಿನ ಮೇಲೆ ಕೂಗುತ್ತೇವೆ. ಆಫ್ರಿಕದಿಂದ ಬಂದವರನ್ನು ಕಂಡರೆ ಪ್ರಾಣಿಗಳ ಸದ್ದು ಮಾಡುತ್ತೇವೆ. 2024ರ ಮಾರ್ಚಿಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಅರೀಕೋಡಿನ ಬಳಿ ಒಂದು ಸ್ಥಳೀಯ ಪಂದ್ಯದಲ್ಲಿ ಐವರಿ ಕೋಸ್ಟ್ ದೇಶದ ಆಟಗಾರನೊಬ್ಬನನ್ನು ಪ್ರೇಕ್ಷಕರು ಮೈದಾನದಲ್ಲೆಲ್ಲ ಅಟ್ಟಾಡಿಸಿ ಹೊಡೆದರು. ಬಣ್ಣ ಹಿಡಿದು ಹಂಗಿಸಿದರೆಂದು ಅವನು ಪೊಲೀಸ್ ಅಧಿಕಾರಿಗೆ ದೂರು ಕೊಟ್ಟ. ಮಲಪ್ಪುರಂ ಎಂದರೆ ಇಡೀ ದೇಶದಲ್ಲೇ ಕಾಲ್ಚೆಂಡನ್ನು ಹೆಚ್ಚಾಗಿ ಪ್ರೀತಿಸುವ ಜಿಲ್ಲೆ. ಆಟದ ಮೇಲೆ ಪ್ರೀತಿಯಿದ್ದ ಮಾತ್ರಕ್ಕೆ ಮನುಷ್ಯನ ಮೇಲೆ ಗೌರವ ತಾನಾಗಿ ಬರುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ನೆಂಟರು ಮನೆಗೆ ಬಂದಾಗ ಕೈಕಾಲಿಗೆ ನೀರು ಕೊಡುವವರು ನಾವು. ‘ಹೋಮ್ ಮ್ಯಾಚ್’ ಎಂದರೆ ನಮ್ಮ ಮನೆಯಂಗಳದ ಪಂದ್ಯ ಎಂದರ್ಥ. ಅಂಗಳಕ್ಕೆ ಬಂದವರ ತಲೆಗೆ ಕಲ್ಲು ಹೊಡೆಯುವವನನ್ನು ಊರಿನ ಅಭಿಮಾನಿ ಎನ್ನುತ್ತೇವೆಯೋ, ಊರಿನ ಮಾನ ಕಳೆಯುವವನೆನ್ನುತ್ತೇವೆಯೋ ನೀವೇ ಹೇಳಿ.

“ಸಣ್ಣ ಊರಿನ ಸಣ್ಣ ಜಗಳ, ಇಷ್ಟಕ್ಕೆ ಇಷ್ಟು ಮಾತೇಕೆ?” ಎನ್ನಬೇಡಿ. ಇಂಥ ಜಗಳ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಜಗತ್ತು ಹಲವು ಸಲ ಕಂಡಿದೆ.

1964ರ ಮೇ 24ರಂದು ಪೆರು ದೇಶದ ಲೀಮಾ ನಗರದಲ್ಲಿ ಪೆರು ಮತ್ತು ಅರ್ಜೆಂಟೀನ ತಂಡಗಳಿಗೆ ಒಲಿಂಪಿಕ್ಸ್ ಅರ್ಹತಾ ಪಂದ್ಯ ನಡೆಯಿತು. ಅಲ್ಲಿಯೂ ನಮ್ಮಲ್ಲಾದಂತೆಯೇ ಮನೆಯ ತಂಡದ ಒಂದು ಗೋಲು ರದ್ದಾಯಿತು. ಒಬ್ಬಿಬ್ಬರು ಮೈದಾನಕ್ಕೆ ನುಗ್ಗಿದರು, ಪೊಲೀಸರು ಅವರನ್ನು ಹೊಡೆದರು, ಜನ ರೊಚ್ಚಿಗೆದ್ದರು, ಪೊಲೀಸರು ಜನರ ನಡುವೆ ಅಶ್ರುವಾಯು ಎಸೆದರು. ಉಸಿರಿಗಾಗಿ ಮೆಟ್ಟಿಲಿಳಿದು ಓಡಿದವರಿಗೆ ಕೆಳಗಿನ ಉಕ್ಕಿನ ಬಾಗಿಲುಗಳು ಮುಚ್ಚಿದ್ದುವು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 328 ಮಂದಿ.

ನಮ್ಮ ದೇಶದಲ್ಲಿ 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಪಂದ್ಯ. ಆಟಗಾರರಿಬ್ಬರ ನಡುವಿನ ಒರಟಾಟ ಗ್ಯಾಲರಿಗೆ ಹಬ್ಬಿತು. ಎರಡೂ ಕಡೆಯ ಅಭಿಮಾನಿಗಳು ಹೊಡೆದಾಡಿದರು, ನೂಕುನುಗ್ಗಲಾಯಿತು. 16 ಮಂದಿ ಪ್ರೇಕ್ಷಕರು ಮನೆಗೆ ಮರಳಲಿಲ್ಲ. ಅವರ ನೆನಪಿಗಾಗಿ ಆ ನಗರದಲ್ಲಿ ಆಗಸ್ಟ್ 16ರಂದು ರಕ್ತದಾನ ಮಾಡುವ ಪದ್ಧತಿ ಬೆಳೆದು ಬಂದಿದೆ.

ಈಜಿಪ್ಟಿನ ಪೋರ್ಟ್ ಸಯೀದ್‌ನಲ್ಲಿ 2012ರ ಫೆಬ್ರವರಿ 1ರಂದು ಮನೆಯ ತಂಡ 3–1ರಿಂದ ಗೆದ್ದಿತ್ತು! ಗೆದ್ದ ಮೇಲೂ ಅಭಿಮಾನಿಗಳು ಕೈರೋದಿಂದ ಬಂದ ಅಲ್ ಅಹ್ಲಿ ತಂಡದ ಬೆಂಬಲಿಗರ ಮೇಲೆ ಬಿದ್ದರು. ಪೊಲೀಸರು ನೋಡುತ್ತ ನಿಂತರು. ಅತಿಥಿಗಳ ಕಡೆಯ ಬಾಗಿಲಿಗೆ ಬೀಗವಿತ್ತು. 70ಕ್ಕೂ ಹೆಚ್ಚು ಜನ ಸತ್ತರು. ಸೋತ ಸಿಟ್ಟಿನಿಂದ ಗಲಾಟೆ ಆಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ದ್ವೇಷ ಒಮ್ಮೆ ರೂಢಿಯಾದರೆ ಅದಕ್ಕೆ ಸೋಲೂ ಬೇಕಿಲ್ಲ, ಗೆಲುವೂ ಸಾಲದು.

ಇನ್ನೊಂದು ಇಂಡೊನೇಷ್ಯದ ಮಲಂಗ್ ನಗರದ್ದು. 2022ರ ಅಕ್ಟೋಬರ್ 1ರ ರಾತ್ರಿ ಕಂಜುರುಹಾನ್ ಮೈದಾನದಲ್ಲಿ ಅರೆಮಾ ತಂಡ ತನ್ನ ಹಳೆಯ ಎದುರಾಳಿ ಪೆರ್ಸೆಬಾಯಕ್ಕೆ 2–3ರಿಂದ ಸೋತಿತು. ಜಗಳವಾಗಬಾರದೆಂದು ಹೊರ ಊರಿನ ಬೆಂಬಲಿಗರಿಗೆ ಟಿಕೆಟನ್ನೇ ಕೊಟ್ಟಿರಲಿಲ್ಲ. ಅಲ್ಲಿದ್ದವರೆಲ್ಲ ಒಂದೇ ತಂಡದವರು, ಒಂದೇ ಬಣ್ಣದವರು. ಆದರೂ ಸೋಲಿನ ನಂತರ ಜನ ಮೈದಾನಕ್ಕಿಳಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಮೈದಾನಕ್ಕೆ ಇಳಿಯದೆ ಕುಳಿತಿದ್ದವರ ಮೇಲೂ ಸಿಡಿಸಿದರು. ಮೈದಾನದೊಳಗೆ ಅಶ್ರುವಾಯು ಕೂಡದೆಂದು ಅಂತರರಾಷ್ಟ್ರೀಯ ಕಾಲ್ಚೆಂಡು ಸಂಸ್ಥೆಯ ನಿಯಮವೇ ಇದೆ. ಹೊರಬಾಗಿಲುಗಳು ಕಿರಿದಾಗಿದ್ದುವು, ಕೆಲವು ಸರಿಯಾಗಿ ತೆರೆದಿರಲಿಲ್ಲ. 135 ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಚಿಕ್ಕ ಮಕ್ಕಳು. ಕೆಳಕ್ಕೆ ನುಗ್ಗಿದವರೇ ಸತ್ತರೆಂದು ತಿಳಿಯಬೇಡಿ. ಅಪ್ಪನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದವರು ಸತ್ತರು.

ಈ ಎಲ್ಲ ಕಥೆಗಳಲ್ಲಿ ಎರಡು ಸಂಗತಿಗಳು ಒಟ್ಟಿಗೇ ಬರುವುದನ್ನು ನೀವು ಗಮನಿಸಿರಬಹುದು. ಒಂದು, ಕೆಲವರ ಪುಂಡಾಟಿಕೆ. ಇನ್ನೊಂದು, ಅಧಿಕಾರದಲ್ಲಿದ್ದವರ ಉಡಾಫೆ: ಬೀಗ ಹಾಕಿದ ಬಾಗಿಲು, ಹೊಗೆ, ಲಾಠಿ. ಪುಂಡಾಟಿಕೆಯನ್ನು ಖಂಡಿಸಿದ ಮಾತ್ರಕ್ಕೆ ಬೀಗ ಹಾಕಿದವನು ನಿರಪರಾಧಿಯಾಗುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ಜನರು ಸತ್ತಾಗಲೆಲ್ಲ ದೊಡ್ಡವರ ಬಾಯಿಂದ ಮೊದಲು ಬರುವ ಮಾತು, “ತಪ್ಪು ಜನರದೇ” ಎಂಬುದು.

ಇದಕ್ಕೆ ಇಂಗ್ಲೆಂಡಿನ ಹಿಲ್ಸ್‌ಬರೋ ಮೈದಾನಕ್ಕಿಂತ ದೊಡ್ಡ ಪಾಠ ಬೇರಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಆ ಮೈದಾನದಲ್ಲಿ ಲಿವರ್‌ಪೂಲ್ ತಂಡದ ಬೆಂಬಲಿಗರು ಜನಜಂಗುಳಿಗೆ ಸಿಕ್ಕಿ ಸತ್ತರು. ಕೊನೆಯ ಲೆಕ್ಕದಲ್ಲಿ 97 ಮಂದಿ. ಆಗಲೇ ತುಂಬಿ ತುಳುಕುತ್ತಿದ್ದ ಭಾಗದತ್ತ ಜನರನ್ನು ಬಿಟ್ಟವರು ಪೊಲೀಸರು. ಹೊರಬಾಗಿಲು ತೆರೆಯಲು ಆಜ್ಞೆ ಕೊಟ್ಟವರೂ ಅವರೇ. ಆದರೆ ಜನರೇ ಬಾಗಿಲು ಮುರಿದು ನುಗ್ಗಿದರೆಂದು ಅಧಿಕಾರಿ ಸುಳ್ಳು ಹೇಳಿದ. ಕುಡಿದ ಪುಂಡರು ಸತ್ತವರ ಜೇಬು ಕತ್ತರಿಸಿದರೆಂದು ಒಂದು ಪತ್ರಿಕೆ ಮುಖಪುಟದಲ್ಲಿ ಬರೆಯಿತು. ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರು ಒಂದಲ್ಲ ಎರಡಲ್ಲ, ಇಪ್ಪತ್ತೇಳು ವರ್ಷ ಹೋರಾಡಿದರು. 2016ರ ಏಪ್ರಿಲಿನಲ್ಲಿ ಪಂಚರು ತೀರ್ಪು ಕೊಟ್ಟರು: ಅದು ಕಾನೂನುಬಾಹಿರವಾದ ಸಾವು, ಬೆಂಬಲಿಗರ ತಪ್ಪು ಏನೂ ಇಲ್ಲ ಎಂದು.

ಅಷ್ಟು ದೊಡ್ಡ ಸುಳ್ಳನ್ನು ಲೋಕ ಅಷ್ಟು ಸುಲಭವಾಗಿ ನಂಬಿದ್ದು ಹೇಗೆ? ಇಲ್ಲಿಯೇ ನಮಗೆ ಪಾಠವಿದೆ. ಅದಕ್ಕೆ ನಾಲ್ಕು ವರ್ಷ ಮೊದಲು, 1985ರ ಮೇ 29ರಂದು, ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಅದೇ ಲಿವರ್‌ಪೂಲಿನ ಕೆಲವು ಬೆಂಬಲಿಗರು ಎದುರು ಪಕ್ಷದವರ ಮೇಲೆ ನುಗ್ಗಿದ್ದರು. ಓಡಿದವರ ಒತ್ತಡಕ್ಕೆ ಗೋಡೆ ಕುಸಿಯಿತು, 39 ಮಂದಿ ಸತ್ತಿದ್ದರು. ಹೈಸೆಲ್‌ನಲ್ಲಿ ತಪ್ಪು ಮಾಡಿದವರು ಕೆಲವರು. ಅವರು ಅಂಟಿಸಿದ ಕೆಟ್ಟ ಹೆಸರು ಹಿಲ್ಸ್‌ಬರೋದಲ್ಲಿ ಸತ್ತ ನಿರಪರಾಧಿಗಳ ಮೇಲೆ ಬಿತ್ತು. ಇನ್ನೂ ಒಂದು ಮಾತಿದೆ. ಪ್ರೇಕ್ಷಕರು ಮೈದಾನಕ್ಕೆ ನುಗ್ಗುತ್ತಾರೆಂದು ಅಲ್ಲಿ ಹಿಂದಿನ ವರ್ಷಗಳಲ್ಲಿ ಎತ್ತರದ ಕಬ್ಬಿಣದ ಬೇಲಿ ಹಾಕಿದ್ದರು. 97 ಮಂದಿಗೆ ಉಸಿರಾಡಲು ಜಾಗವಿಲ್ಲದಂತೆ ತಡೆದದ್ದು ಆ ಬೇಲಿ. ಪುಂಡನಿಗಾಗಿ ಕಟ್ಟಿದ ಬೇಲಿಗೆ ಬಲಿಯಾದವನು ಸಾಧು. ಆಮೇಲೆ ಬೇಲಿ ತೆಗೆದರು, ನಿಲ್ಲುವ ಜಾಗವನ್ನೂ ತೆಗೆದರು, ಎಲ್ಲ ಕಡೆ ಕುರ್ಚಿ ಹಾಕಿದರು. ಸುರಕ್ಷತೆ ಬಂತು, ಒಳ್ಳೆಯದೇ. ಆದರೆ ಕ್ರಮೇಣ ಟಿಕೆಟಿನ ಬೆಲೆಯೂ ಏರಿ, ಆ ಆಟವನ್ನು ಬೆಳೆಸಿದ ಕೂಲಿಕಾರರ ಮಕ್ಕಳು ಎಷ್ಟೋ ಕಡೆ ಹೊರಗುಳಿದರು.

ಈಗ ನಮ್ಮ ಮೈದಾನಕ್ಕೆ ಬರೋಣ. ಕಲ್ಲಿನ ಘಟನೆಯ ಮೇಲೆ ಮೈದಾನದ ಸಮಿತಿಯವರ ಮುಂದೆ ಒಂದು ಸೂಚನೆ ಬಂದಿದೆ. ಪೂರ್ವದ ಮಣ್ಣಿನ ದಿಬ್ಬಕ್ಕೆ ಎಂಟು ಅಡಿ ತಂತಿ ಬೇಲಿ ಹಾಕುವುದು, ಒಂದೇ ಬಾಗಿಲು ಇಡುವುದು, ದಿಬ್ಬದ ಮೇಲೆ ಬಿಟ್ಟಿಯಾಗಿ ಯಾರನ್ನೂ ಬಿಡದೆ ಟಿಕೆಟ್ ಇಟ್ಟು ಕುರ್ಚಿಯವರಿಗೆ ಮಾತ್ರ ಅವಕಾಶ ಕೊಡುವುದು. ಆ ದಿಬ್ಬ ಯಾರದು? ಟಿಕೆಟ್ ಕೊಳ್ಳಲಾಗದವರದು. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಹುಡುಗ ಬುಟ್ಟಿ ಪಕ್ಕಕ್ಕಿಟ್ಟು ಆಟ ನೋಡುವ ಜಾಗ ಅದು. ನಮ್ಮ ತಂಡದ ಗೋಲ್‌ಕೀಪರ್ ಏಳು ವರ್ಷದವನಾಗಿದ್ದಾಗ ಆ ದಿಬ್ಬದ ಮೇಲೆ ಕುಳಿತು ಆಟ ಕಲಿತವನು.

ಈ ಬೇಲಿಯನ್ನು ನಾವು ವಿರೋಧಿಸುತ್ತೇವೆ. ಎಂಟು ಅಡಿ ಬೇಲಿ, ಒಂದೇ ಬಾಗಿಲು ಎಂದರೆ ಏನಾಗಬಲ್ಲದೆಂಬುದನ್ನು ಈಗ ತಾನೇ ಹೇಳಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕ್ರಿಕೆಟ್ ವಿಜಯೋತ್ಸವಕ್ಕೆಂದು ಬಂದ 11 ಜನ ನೂಕುನುಗ್ಗಲಿನಲ್ಲಿ ಸತ್ತರು. ಅವರು ಕಲ್ಲು ಎಸೆದವರಲ್ಲ, ಸಂತೋಷಪಡಲು ಹೋದವರು. ಬಾಗಿಲು, ದಾರಿ, ಜನಸಂಖ್ಯೆಯ ಲೆಕ್ಕವಿಲ್ಲದೆ ಜನರನ್ನು ಸೇರಿಸುವುದು ಎಷ್ಟು ಅಪಾಯವೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ.

ಆದರೆ ಯಾವ ಮುಖ ಹೊತ್ತು ವಿರೋಧಿಸೋಣ? ಸಮಿತಿಯವರು ಆ ಹುಡುಗನ ಹುಬ್ಬಿನ ಹೊಲಿಗೆಯನ್ನು ತೋರಿಸಿ “ಇದಕ್ಕೆ ಏನು ಹೇಳುತ್ತೀರಿ?” ಎಂದರೆ ನಾವು ತಲೆ ತಗ್ಗಿಸಬೇಕಾಗುತ್ತದೆ. ಕಲ್ಲು ಎಸೆದವನು ಒಬ್ಬ ಲೈನ್ಸ್‌ಮನ್ನನಿಗೆ ಹೊಡೆದೆನೆಂದು ತಿಳಿದಿದ್ದಾನೆ. ಅವನು ಹೊಡೆದದ್ದು ಕಡಲೆಕಾಯಿ ಮಾರುವ ಹುಡುಗನಿಗೆ.

ಗಲಾಟೆಗೆ ಕಾರಣಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ನಾಲ್ಕು ಗಂಟೆಯ ಪಂದ್ಯ ಮುಖ್ಯ ಅತಿಥಿಗಳು ಬರಲಿಲ್ಲವೆಂದು ಐದೂವರೆಗೆ ಆರಂಭವಾಗುತ್ತದೆ. ಅಷ್ಟು ಹೊತ್ತು ಬಿಸಿಲಿನಲ್ಲಿ ಕುಳಿತವರಿಗೆ ಕುಡಿಯಲು ನೀರಿಲ್ಲ. ಮೂತ್ರಕ್ಕೆ ಹೋಗಲು ಜಾಗವಿಲ್ಲ. ಶಾಮಿಯಾನದ ಕೆಳಗೆ ಗಣ್ಯರಿಗೆ ಎಳನೀರು! ಮೈದಾನದ ಹಿಂದೆಯೇ ಮದ್ಯದಂಗಡಿ. ಮೊಬೈಲಿನಲ್ಲಿ ಗುಟ್ಟಾಗಿ ಬಾಜಿ ಕಟ್ಟುವವರು ಬೇರೆ. ಅವರಿಗೆ ಆಟ ಬೇಕಿಲ್ಲ, ಫಲಿತಾಂಶ ಬೇಕು. ಮೂರು ತಿಂಗಳು ಕೂಲಿ ಬಾಕಿಯಿರುವವನು, ಓದಿಯೂ ಕೆಲಸ ಸಿಗದವನು ವಾರವೆಲ್ಲ ನುಂಗಿದ ಸಿಟ್ಟನ್ನು ಭಾನುವಾರ ಮೈದಾನಕ್ಕೆ ತರುತ್ತಾನೆ. ಇದೆಲ್ಲ ನಿಜ. ಆದರೆ ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡ ಹಾಗೆ, ಧಣಿಯ ಮೇಲಿನ ಕೋಪವನ್ನು ಹಮಾಲಿಯ ಮಗನ ಮೇಲೆ ತೀರಿಸಿಕೊಂಡರೆ ಕೂಲಿ ಬಂದೀತೇ? ಕೆಲಸ ಸಿಕ್ಕೀತೇ? ಸಿಟ್ಟಿಗೆ ಸರಿಯಾದ ದಾರಿ ತೋರಿಸುವುದೇ ಸಂಘಟನೆಯ ಕೆಲಸ. ದಾರಿ ತಪ್ಪಿದ ಸಿಟ್ಟಿನಿಂದ ಧಣಿಗೆ ನಷ್ಟವಿಲ್ಲ.

ಬೆಂಬಲಿಗರು ಒಟ್ಟಾದರೆ ಎಂಥ ಒಳ್ಳೆಯ ಕೆಲಸವೂ ಆಗಬಲ್ಲದು. 1980ರಲ್ಲಿ ಹೊಡೆದಾಡಿದ ಅದೇ ಕಲ್ಕತ್ತೆಯ ಮಾತು ಕೇಳಿ. 2024ರ ಆಗಸ್ಟಿನಲ್ಲಿ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಆಗಸ್ಟ್ 18ರಂದು ನಡೆಯಬೇಕಿದ್ದ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯವನ್ನು ಭದ್ರತೆಯ ಕಾರಣ ಹೇಳಿ ರದ್ದು ಮಾಡಿದರು. ಆ ದಿನ ನೂರು ವರ್ಷದ ವೈರಿಗಳಾದ ಎರಡೂ ತಂಡಗಳ ಬೆಂಬಲಿಗರು, ಜೊತೆಗೆ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದವರು, ಸಾಲ್ಟ್ ಲೇಕ್ ಮೈದಾನದ ಹೊರಗೆ ಒಟ್ಟಾಗಿ ನಿಂತು ನ್ಯಾಯ ಕೇಳಿದರು. ಲಾಠಿ ಬಿತ್ತು, ಆದರೂ ಒಬ್ಬರ ಹೆಗಲ ಮೇಲೊಬ್ಬರು ಬೇರೆ ಬೇರೆ ಬಾವುಟ ಹಿಡಿದು ನಿಂತರು. ಬೆಂಬಲಿಗನಾದವನು ಹೇಗಿರಬೇಕೆಂದರೆ ನಾನು ಅವರನ್ನು ತೋರಿಸುತ್ತೇನೆ.

ನಮ್ಮ ನಾಡಿನದೂ ಸಣ್ಣ ಚರಿತ್ರೆಯಲ್ಲ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೋರಾ ಪಲ್ಟಣದ ತಂಡಗಳ ಕೈಯಿಂದ ಮೊದಲ ಬಾರಿ ಕಿತ್ತು ತಂದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1946ರಲ್ಲಿ, 1952ರಲ್ಲಿ ಬಂಗಾಳದಂಥ ಬಂಗಾಳವನ್ನು ಸೋಲಿಸಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. ಆ ಮೇಲೆ 1960ರ ದಶಕದ ಕೊನೆಯಲ್ಲಿ ಎರಡು ಬಾರಿ. ನಂತರ ಐವತ್ತನಾಲ್ಕು ವರ್ಷ ಕಾದು 2023ರ ಮಾರ್ಚಿಯಲ್ಲಿ, ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ತಂದಿತು. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರಗಳಂಥ ಬಡವರ ಬೀದಿಗಳಿಂದ ದೇಶಕ್ಕೆ ಆಡಿದವರು ಬಂದಿದ್ದಾರೆ. ಬೀದಿಯ ಹುಡುಗರ ಕಾಲಿನಿಂದ ಬೆಳೆದ ಆಟ ಇದು. ಬೀದಿಯವರ ಹೆಸರು ಕೆಡಿಸಲು ನಾವೇ ಕಾರಣರಾಗಬಾರದು.

ಆದುದರಿಂದ ಈ ಸಭೆಯ ಮುಂದೆ ನಾನು ಕೆಲವು ಸಲಹೆ ಇಡುತ್ತೇನೆ. ಒಪ್ಪಿಗೆಯಾದರೆ ಇಂದೇ ತೀರ್ಮಾನ ಮಾಡೋಣ.

ಮೊದಲನೆಯದು, ನಲವತ್ತು ಮಂದಿ ಸ್ವಯಂಸೇವಕರು ಬೇಕು. ತೋಳಿಗೆ ಹಸಿರು ಬಟ್ಟೆ ಕಟ್ಟಿಕೊಂಡು ದಿಬ್ಬದ ಮೇಲೆ ಜನರ ನಡುವೆಯೇ ಇರಬೇಕು. ಪಂದ್ಯಕ್ಕೆ ಮೊದಲು ದಿಬ್ಬದ ಮೇಲಿನ ಸಡಿಲ ಕಲ್ಲುಗಳನ್ನು ಆರಿಸಿ ಬುಟ್ಟಿ ತುಂಬಿ ಹೊರಗೆ ಹಾಕಬೇಕು. ಕೈಗೆ ಕಲ್ಲು ಸಿಗದಿದ್ದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಗಾಜಿನ ಬಾಟಲಿ ಒಳಗೆ ಬರಕೂಡದು. ಕೈ ಮಾಡಲು ಹೋದವನನ್ನು ಇವರು ಹೊಡೆಯಬಾರದು. ನಾಲ್ಕು ಜನ ಸುತ್ತ ಕುಳಿತು ಹೊರಗೆ ಕರೆದುಕೊಂಡು ಹೋಗಬೇಕು.

ಎರಡನೆಯದು, ಪ್ರತಿ ಪಂದ್ಯಕ್ಕೂ ಅರ್ಧ ಗಂಟೆ ಮೊದಲು ಆಟದ ಒಂದೊಂದು ನಿಯಮವನ್ನು ಧ್ವನಿವರ್ಧಕದಲ್ಲಿ ಸರಳವಾಗಿ ಹೇಳಬೇಕು. ಈ ಕೆಲಸ ನಾನು ಮಾಡುತ್ತೇನೆ. ಕಪ್ಪು ಹಲಗೆಯ ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿಲ್ಲ.

ಮೂರನೆಯದು, ಹೊರ ಊರಿನ ತಂಡ ಬಂದಾಗ ನಮ್ಮ ಹುಡುಗರೇ ಬಸ್ಸಿನ ಬಳಿ ಹೋಗಿ ಅವರನ್ನು ಬರಮಾಡಿಕೊಂಡು ಮಜ್ಜಿಗೆ ಕೊಡಬೇಕು. ಆಟ ಮುಗಿದ ಮೇಲೆ ಬಸ್ಸಿನವರೆಗೆ ಕಳುಹಿಸಿ ಬರಬೇಕು. ಗೆದ್ದಾಗ ಇದು ಸುಲಭ. ಸೋತಾಗಲೂ ಮಾಡಬೇಕು.

ನಾಲ್ಕನೆಯದು, ಸಮಿತಿಗೆ ಬರಹದಲ್ಲಿ ಬೇಡಿಕೆ ಸಲ್ಲಿಸಬೇಕು. ಬೇಲಿ ಬೇಡ, ನೀರು, ಪಾಯಿಖಾನೆ, ಆಟದುದ್ದಕ್ಕೂ ತೆರೆದಿರುವ ಮೂರು ಬಾಗಿಲು, ಹೆಂಗಸರಿಗೆ ಪ್ರತ್ಯೇಕ ಸ್ಥಳ ಬೇಕು. ಗಣ್ಯರು ಬರಲಿ ಬಿಡಲಿ, ಹೇಳಿದ ಹೊತ್ತಿಗೆ ಆಟ ಆರಂಭವಾಗಬೇಕು. ನಾವು ನಮ್ಮ ಕಡೆಯದನ್ನು ಮಾಡಿದ ಮೇಲೆ ಇದನ್ನು ಕೇಳಲು ನಮಗೆ ಧೈರ್ಯ ಬರುತ್ತದೆ.

ಐದನೆಯದು, ಆ ಹುಡುಗನ ಚಿಕಿತ್ಸೆಗೆ ತಂದೆ ಸಾಲ ಮಾಡಿದ್ದಾರೆ. ಆ ಹಣವನ್ನು ನಾವೇ ಕೂಡಿಸಿ ಕೊಡಬೇಕು. ಭಿಕ್ಷೆಯಾಗಿ ಅಲ್ಲ, ತಪ್ಪು ಕಾಣಿಕೆಯಾಗಿ. ನನ್ನ ಪಾಲು ಐನೂರು ರೂಪಾಯಿ ಇಲ್ಲಿ ಮೇಜಿನ ಮೇಲಿಟ್ಟಿದ್ದೇನೆ. ಇನ್ನು ಕಲ್ಲು ಎಸೆದವನು ಯಾರೆಂದು ಈ ಸಭೆಯಲ್ಲಿ ಕೆಲವರಿಗೆ ಗೊತ್ತಿದೆ ಎಂದು ನನಗೆ ಗೊತ್ತು. ಅವನನ್ನು ಹಿಡಿದು ಬಡಿಯಿರಿ ಎಂದು ನಾನು ಹೇಳುವುದಿಲ್ಲ. ಅವನ ಬಳಿ ಹೋಗಿ, ನನ್ನ ಜೊತೆಯಲ್ಲಿ ಆ ಮನೆಗೆ ಬರುವಂತೆ ಹೇಳಿ. ಅವನೊಬ್ಬನೇ ಹೋಗುವುದು ಬೇಡ. ಕೂಗಿದವನೂ ಎಸೆದವನೂ ಒಟ್ಟಿಗೆ ಹೋಗಿ ತಪ್ಪೊಪ್ಪಿಕೊಳ್ಳೋಣ.

ನಾನು ಮೊನ್ನೆ ಆ ಹುಡುಗನನ್ನು ಮತ್ತೆ ಕಂಡೆ. “ಇನ್ನು ಮೈದಾನದ ಸಹವಾಸ ಸಾಕಾಯಿತೇನಪ್ಪಾ?” ಎಂದು ಕೇಳಿದೆ. ಅವನ ತಾಯಿ “ಸಾಕು ಅಂತ ಹೇಳಿ ಮೇಷ್ಟ್ರೇ, ನೀವಾದರೂ ಬುದ್ಧಿ ಹೇಳಿ” ಎಂದು ಒಳಗಿನಿಂದ ಕೂಗಿದರು. ಅವನು ನಕ್ಕ. ಬರುವ ಭಾನುವಾರದ ಮೊದಲ ಪಂದ್ಯಕ್ಕೆ ಅವನ ಹೆಸರು ಹಾಕಿದ್ದಾರಂತೆ, ಅದೇ ಪೂರ್ವದ ಗೆರೆ, ನಮ್ಮ ದಿಬ್ಬದ ಮುಂದೆಯೇ. ಹೋಗುತ್ತೇನೆ ಎಂದ.

ಅವನು ನಮಗೆ ಬೆನ್ನು ಮಾಡಿ ನಿಂತಿರುತ್ತಾನೆ. ಬಾವುಟದವರು ಆಟವನ್ನು ನೋಡಬೇಕು, ಹಿಂದಕ್ಕೆ ನೋಡುವ ಹಾಗಿಲ್ಲ. ಆ ಬೆನ್ನಿನ ಹೊಣೆ ನಮ್ಮದು. ನಾನು ಅವನ ತಾಯಿಗೆ ಮಾತು ಕೊಟ್ಟು ಬಂದಿದ್ದೇನೆ. ನಿಮ್ಮನ್ನು ಕೇಳದೆಯೇ ನಿಮ್ಮ ಪರವಾಗಿಯೂ ಕೊಟ್ಟೆ. ಅದನ್ನು ಉಳಿಸಿಕೊಡಬೇಕೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.